ರಾಕ್ ಅಂಡ್ ರೋಲ್ ನಾಟಕಕ್ಕೆ ಹೋಗೋ ಮೊದಲು ಅಪ್ಪ ಅಮ್ಮನಿಗೆ ಯಾವ ಹಾಡು ಕೇಳಿಸಬೇಕು?

ಯಾವುದೂ ಬೇಡ.

ಊರಿಂದ ಬಂದ ಅಪ್ಪ ಅಮ್ಮನನ್ನು 'ಮಿಲಿಯನ್ ಡಾಲರ್ ಕ್ವಾರ್ಟೆಟ್' ಅನ್ನೋ, ಅಮೆರಿಕದ ನಾಲ್ವರು ಹಳೇ ಗಾಯಕರ ಕಥೆಯ ನಾಟಕ ನೋಡೋಕೆ ಕರ್ಕೊಂಡು ಹೋಗ್ತಿದ್ದೀರಿ, ಆ ನಾಲ್ವರಲ್ಲಿ ಒಬ್ಬನಾದ ಎಲ್ವಿಸ್ ಯಾರು ಅಂತಾನೇ ಅವರಿಗೆ ಗೊತ್ತಿಲ್ಲ, ಒಂದು ಪ್ಲೇಲಿಸ್ಟ್ ಕೊಡಿ ಅಂದಿದ್ದೀರಿ. ಅಯ್ಯೋ, ನಾನು ಮಾಡಿದ್ದೂ ಇದೇ. ಶಿಕಾಗೋದ ಅಪೊಲೊ ಥಿಯೇಟರ್‌ನಲ್ಲಿ 2008ರಿಂದ 2016ರವರೆಗೆ ಈ ನಾಟಕ ಓಡಿತು. ನಾವು ಆಗ ಅಲ್ಲೇ ಇದ್ದೆವು. ಅಪ್ಪ ಬೇಸಿಗೆ ಕಳೆಯಲು ಬಂದಿದ್ದರು.

ಟಿಕೆಟ್ ತಗೊಂಡ ದಿನದಿಂದ ಕಾರಿನಲ್ಲಿ ಹಳೇ ರೆಕಾರ್ಡುಗಳು ಶುರು. ದಿನಸಿ ತರೋಕೆ ಹೋಗುವಾಗ ಎಲ್ವಿಸ್, ದೇವಸ್ಥಾನಕ್ಕೆ ಹೋಗುವಾಗ ಅದೇ ನಾಲ್ವರಲ್ಲಿ ಇನ್ನೊಬ್ಬ, ಜಾನಿ ಕ್ಯಾಶ್. ಅಪ್ಪ ಪಾಪ ಸುಮ್ನೆ ಕೂತು ಕೇಳಿದರು. ಅಣ್ಣಾವ್ರ ಹಾಡು ಕೇಳಿ ಬೆಳೆದವರು ಗಣೇಶನ ಹಬ್ಬದ ಆರ್ಕೆಸ್ಟ್ರಾಗೆ ಹೋದರೆ ಏನಾಗುತ್ತೆ ಹೇಳಿ? ಹಾಡೋನು ಎಷ್ಟೇ ಚೆನ್ನಾಗಿ ಹಾಡಲಿ, ಕಿವಿ ಮಾತ್ರ ಅಣ್ಣಾವ್ರನ್ನೇ ಹುಡುಕುತ್ತೆ. ಇಲ್ಲೂ ಅದೇ ಆಯ್ತು. ಎಲ್ವಿಸ್ ಪಾತ್ರದವನು ಬಾಯಿ ತೆರೆದದ್ದೇ ತಡ, ಅಪ್ಪ ನನ್ನ ಕಡೆ ತಿರುಗಿ "ಇವನು ನಿನ್ನ ಕಾರಲ್ಲಿ ಹಾಡ್ತಿದ್ದೋನಲ್ಲ" ಅಂದರು. ಬೇರೇನೂ ಕೇಳದೆ ಬಂದಿದ್ದರೆ ಈ ಮಾತು ಬರುತ್ತಲೇ ಇರಲಿಲ್ಲ. ಎದುರಿಗೆ ಹಾಡ್ತಿರೋನೇ ಅವರ ಪಾಲಿಗೆ ಎಲ್ವಿಸ್ ಆಗಿರ್ತಿದ್ದ. ಆ ಅವಕಾಶ ನಾನೇ ಕಿತ್ಕೊಂಡೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಓದಿಕೊಂಡಿದ್ದೆನಲ್ಲ, ಕಿವಿಯಲ್ಲಿ ಪಿಸುಗುಟ್ಟೋಕೆ ಶುರು ಮಾಡಿದೆ. 1956ರ ಡಿಸೆಂಬರ್ 4ರಂದು ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಎಲ್ವಿಸ್, ಕ್ಯಾಶ್, ಕಾರ್ಲ್ ಪರ್ಕಿನ್ಸ್, ಜೆರ್ರಿ ಲೀ ಲೂಯಿಸ್ ನಾಲ್ವರೂ ಸೇರಿದ್ದು ನಿಜ. ಆದರೆ ನಾಟಕದವರು ಮುಂದಿನ ವರ್ಷಗಳ ಜಗಳವನ್ನೂ ಅದೇ ದಿನಕ್ಕೆ ತುರುಕಿದ್ದಾರೆ. ಕ್ಯಾಶ್ ಈ ಸ್ಟುಡಿಯೋ ಬಿಟ್ಟು ಕೊಲಂಬಿಯಾ ರೆಕಾರ್ಡ್ ಕಂಪನಿಗೆ ಹೋಗಿದ್ದು 1958ರಲ್ಲಿ. ಇದನ್ನೂ ಹೇಳಿದೆ. ಮಾಲೀಕ ಸ್ಯಾಮ್ ಫಿಲಿಪ್ಸ್ 1955ರಲ್ಲೇ ಎಲ್ವಿಸ್‌ನ ಒಪ್ಪಂದವನ್ನು ಇನ್ನೊಂದು ರೆಕಾರ್ಡ್ ಕಂಪನಿಗೆ 35,000 ಡಾಲರ್‌ಗೆ ಮಾರಿದ್ದ, ಅದನ್ನೂ ಹೇಳಿದೆ. ಅಷ್ಟರಲ್ಲಿ ಜೆರ್ರಿ ಲೀ ಪಾತ್ರದ ಹುಡುಗ ಪಿಯಾನೊಗೆ ಬೆನ್ನು ಹಾಕಿ ಬಾರಿಸಿದ, ಇಡೀ ಥಿಯೇಟರ್ ಕೂಗಿತು. ಅಪ್ಪ ತಿರುಗಿ ನೋಡೋ ಹೊತ್ತಿಗೆ ಮುಗಿದಿತ್ತು. "ಮನೇಲಿ ಹೇಳೋ. ಈಗ ನೋಡೋಕೆ ಬಿಡು." ಮುಂದಿನ ಸಾಲಿನ ಹೆಂಗಸೂ ತಿರುಗಿ ನೋಡಿದಳು. ಕನ್ನಡ ಬರದಿದ್ದರೂ ವಿಷಯ ಅರ್ಥ ಆಗಿತ್ತು ಅನ್ಸುತ್ತೆ.

ಇನ್ನೊಂದು ತಮಾಷೆ. 1956ರಲ್ಲಿ ಆ ನಾಲ್ವರು ಸೇರಿದ ದಿನದ ನಿಜವಾದ ಟೇಪ್ ಕೇಳಿಸೋಣ ಅಂತ ನಿಮಗೆ ಅನಿಸಿದರೆ, ಅದರಲ್ಲಿ ಚರ್ಚ್ ಹಾಡುಗಳೇ ಜಾಸ್ತಿ. ನಾಟಕದಲ್ಲಿರೋದು ಹೆಚ್ಚಾಗಿ ಹಿಟ್ ಹಾಡುಗಳು. ಆ ತಯಾರಿಯೂ ದಂಡ.

ಹೇಳಲೇಬೇಕು ಅಂದ್ರೆ ಒಂದೇ ಕಥೆ ಹೇಳಿ. 'ಬ್ಲೂ ಸ್ವೀಡ್ ಶೂಸ್' ಬರೆದು ಮೊದಲು ಹಾಡಿದವನು ಪರ್ಕಿನ್ಸ್. ಹಾಡು ಮೇಲೇರುತ್ತಿದ್ದಾಗಲೇ, 1956ರ ಮಾರ್ಚ್‌ನಲ್ಲಿ, ಟಿವಿ ಕಾರ್ಯಕ್ರಮಕ್ಕೆ ಹೋಗುವ ದಾರಿಯಲ್ಲಿ ಕಾರು ಅಪಘಾತವಾಗಿ ಆಸ್ಪತ್ರೆ ಸೇರಿದ. ಅದೇ ಹಾಡನ್ನು ಎಲ್ವಿಸ್ ಟಿವಿಯಲ್ಲಿ ಹಾಡಿದ, ಈಗ ಜನ ಅದನ್ನು ಎಲ್ವಿಸ್ ಹಾಡು ಅಂತಾನೇ ಅಂತಾರೆ. ಇಷ್ಟು ಗೊತ್ತಿದ್ದರೆ ಪರ್ಕಿನ್ಸ್ ಯಾಕೆ ಮುಖ ಗಂಟು ಹಾಕ್ಕೊಂಡಿರ್ತಾನೆ ಅಂತ ಇಂಗ್ಲಿಷ್ ಬರದವರಿಗೂ ಗೊತ್ತಾಗುತ್ತೆ. ಮಿಕ್ಕಿದ್ದೆಲ್ಲ ಕಣ್ಣಿಗೇ ಕಾಣುತ್ತೆ.

ಪ್ಲೇಲಿಸ್ಟ್ ಮಾಡೋ ಶ್ರಮವನ್ನು ಸೀಟ್ ಹುಡುಕೋಕೆ ಹಾಕಿ. ನಟರೇ ಗಿಟಾರ್, ಪಿಯಾನೊ ನುಡಿಸ್ತಾರೆ, ಈ ನಾಟಕದ ಮಜಾ ಇರೋದೇ ಅಲ್ಲಿ. ಪಿಯಾನೊ ಬಾರಿಸೋನ ಕೈ ಕಾಣದ ಸೀಟು ಎಷ್ಟು ಅಗ್ಗವಾದರೂ ಬೇಡ. ನಾವು ನೋಡಿದಾಗ ಮಧ್ಯೆ ಇಂಟರ್ವಲ್ ಇರಲಿಲ್ಲ, ಸುಮಾರು ಒಂದೂಮುಕ್ಕಾಲು ಗಂಟೆ ಒಂದೇ ಸಮ. ಅಪ್ಪನಿಗೆ ಶುಗರ್ ಇದೆ ಅಂದಿದ್ದೀರಿ, ಮೊದಲೇ ಏನಾದ್ರೂ ತಿನ್ನಿಸಿ, ಬಾತ್‌ರೂಮಿಗೂ ಹೋಗಿ ಬರಲಿ. ಕಥೆ ಮುಗಿದ ಮೇಲೆ ಮಿನುಗುವ ಕೋಟು ಹಾಕ್ಕೊಂಡು ಮತ್ತೆ ಬಂದು ಹಾಡ್ತಾರೆ, ಆಗ ಎಲ್ಲರೂ ಎದ್ದು ನಿಲ್ತಾರೆ. ಅಮ್ಮನಿಗೆ ಮಂಡಿನೋವಿದ್ದರೆ ಸಾಲಿನ ತುದಿಯ ಸೀಟು ತಗೊಳ್ಳಿ, ಪಕ್ಕದ ದಾರಿಯಿಂದ ಕೂತೇ ಸ್ವಲ್ಪ ಕಾಣುತ್ತೆ. ಕಿವಿಗೆ ಹತ್ತಿಯೂ ಇರಲಿ, ಡ್ರಮ್ಸ್ ಸಿಕ್ಕಾಪಟ್ಟೆ ಜೋರು.