ದುಬೈಗೆ ಹೋಗುವ ಮುಂಚೆ ಬೇಸಿಕ್ ಎಷ್ಟು ನೋಡಿ

ಸಿವಿಲ್ ಮುಗಿಸಿದ್ದೀನಿ, ದುಬೈನಲ್ಲಿ ಸೈಟ್ ಎಂಜಿನಿಯರ್ ಕೆಲಸ ಸಿಕ್ಕಿದೆ, ದಾವಣಗೆರೆ ಬಿಸಿಲು ಕಂಡವನಿಗೆ ಮರಳುಗಾಡು ಏನು ಮಹಾ, ಹೋಗಲಾ ಅಂತ ಕೇಳಿದ್ದೀರಿ. ನಾನು ಚಿತ್ರದುರ್ಗದವನು, ದುಬೈನಲ್ಲಿ ನಾಲ್ಕು ವರ್ಷ ದುಡಿದು ಬಂದಿದ್ದೀನಿ. ಬಿಸಿಲಿನ ಲೆಕ್ಕ ತಪ್ಪು. ನಮ್ಮದು ಒಣ ಬಿಸಿಲು, ನೆರಳಿಗೆ ನಿಂತರೆ ಜೀವ ಬರುತ್ತೆ. ದುಬೈ ಇರೋದು ಕಡಲ ದಂಡೇಲಿ. ಆಗಸ್ಟ್‌ನಲ್ಲಿ ರಾತ್ರಿ ಹತ್ತಕ್ಕೆ ಎಸಿ ರೂಮಿಂದ ಹೊರಗೆ ಬಂದರೂ ಕನ್ನಡಕಕ್ಕೆ ಮಂಜು ಹಿಡಿಯುತ್ತೆ. ತಣ್ಣೀರಿನ ನಲ್ಲೀಲಿ ಸುಡುವ ನೀರು. ನಾವು ಗೀಸರ್ ಆಫ್ ಮಾಡಿ, ಅದರೊಳಗೆ ಆರಿದ ನೀರಲ್ಲಿ ಸ್ನಾನ ಮಾಡ್ತಿದ್ವಿ! ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ ಅಂತ ಸರ್ಕಾರವೇ ನಿಯಮ ಮಾಡಿದೆ.

ನೋಡಬೇಕಾದ್ದು ಬೇಸಿಕ್, ಅಂದರೆ ಅಲೋಯನ್ಸ್ ಬಿಟ್ಟು ಮೂಲ ಸಂಬಳ. ಸಂಬಳಕ್ಕೆ ಅಲ್ಲಿ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಅದರ ಲೆಕ್ಕ ಬೇಸಿಕ್ ಮೇಲೆ ಮಾತ್ರ: ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ನನ್ನ ಕಂಪನಿಯವರು ಬೇಸಿಕ್ ಸಣ್ಣದಿಟ್ಟು ಉಳಿದದ್ದನ್ನೆಲ್ಲ ಅಲೋಯನ್ಸ್‌ಗೆ ತುಂಬಿದ್ದರು. ಬಿಟ್ಟು ಬರುವಾಗ ಕೈಗೆ ಸಿಕ್ಕಿದ್ದು ನೋಡಿ ನಗು ಬಂತು.

ವೀಸಾಕ್ಕೆ ದುಡ್ಡು ಕೇಳುವ ಏಜೆಂಟ್‌ಗೆ ಒಂದು ರೂಪಾಯಿ ಬಿಚ್ಚಬೇಡಿ. ಅಲ್ಲಿನ ಕಾನೂನಲ್ಲಿ ನೇಮಕಾತಿ ಖರ್ಚು ಕಂಪನಿಯದ್ದೇ. 'ವಿಸಿಟ್ ವೀಸಾದಲ್ಲಿ ಬಾ, ಆಮೇಲೆ ನೋಡೋಣ' ಅಂದರೆ ಬೇಡವೇ ಬೇಡ. ಡಿಗ್ರಿ ಸರ್ಟಿಫಿಕೇಟ್ ಅಟೆಸ್ಟೇಷನ್ (ಅಸಲಿ ಅಂತ ಸರ್ಕಾರಿ ಮುದ್ರೆ ಹಾಕಿಸೋದು) ಇಲ್ಲಿದ್ದಾಗಲೇ ಮುಗಿಸಿ.

ಬೇಸಿಕ್ ಸರಿಯಿದ್ದರೆ ಎರಡು ವರ್ಷಕ್ಕೆ ಅಂತ ಹೋಗಿ. ಅಕ್ಟೋಬರ್ ಮೇಲೆ ಸೇರ್ತೀನಿ ಅಂತ ಕೇಳಿ ನೋಡಿ, ಮೈ ಒಗ್ಗೋಕೆ ಟೈಮ್ ಸಿಗುತ್ತೆ. ದುಬೈನಲ್ಲಿ ನಮ್ಮವರು ಹೆಚ್ಚಿರೋ ಕರಾಮಾ ಏರಿಯಾದಲ್ಲಿ ಮಂಡಕ್ಕಿ ಸಿಗುತ್ತೆ. ಮಿರ್ಚಿ ಮಾತ್ರ ನೀವೇ ಕರ್ಕೋಬೇಕು.