ಅಮ್ಮನಿಗೆ ಸೊರಗಿದಂತೆ, ಅಕ್ಕನಿಗೆ ಇನ್ನೂ ದಪ್ಪ

24 ವರ್ಷದ ಓದುಗರೊಬ್ಬರು ಎರಡು ಪುಟಗಳ ಪತ್ರ ಬರೆದಿದ್ದಾರೆ. ಒಂದು ವರ್ಷದಲ್ಲಿ 14 ಕಿಲೋ ಇಳಿಸಿದ್ದಾರೆ. ಅಮ್ಮ ‘ಮುಖದ ಕಳೆಯೇ ಹೋಯಿತು’ ಎಂದು ಅಳುತ್ತಾರೆ, ಅಕ್ಕ ‘ಇನ್ನೈದು ಕಿಲೋ ಇಳಿಸು’ ಎನ್ನುತ್ತಾಳೆ. ಯಾರ ಕಣ್ಣನ್ನು ನಂಬಲಿ ಎಂಬುದು ಇವರ ಪ್ರಶ್ನೆ.

ಆ ಪ್ರಶ್ನೆ ಆಮೇಲೆ. ಕೂದಲು ಉದುರುವ ವಿಚಾರದ ನಡುವೆ ನೀವು ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ: ‘ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಒಂದು ತಾಪತ್ರಯ ತಪ್ಪಿತು.’ ತಪ್ಪಿಲ್ಲ, ತಂಗೀ, ತಾಪತ್ರಯ ಶುರುವಾಗಿದೆ. ತಿನ್ನುವುದು ದೇಹದ ಖರ್ಚಿಗೆ ಸಾಲದೇ ಹೋದಾಗ ಅಂಡಾಶಯಕ್ಕೆ ಮಿದುಳು ಕಳಿಸುವ ಸೂಚನೆ ಕುಗ್ಗುತ್ತದೆ. ಮೂಳೆಯನ್ನು ಕಾಯುವ ಈಸ್ಟ್ರೋಜೆನ್ ಎಂಬ ಹಾರ್ಮೋನು ಇಳಿಯುತ್ತದೆ, ಅದರ ಹಿಂದೆಯೇ ಮೂಳೆ ಸವೆಯತೊಡಗುತ್ತದೆ. ನಿಮ್ಮದು ಮೂಳೆ ಗಟ್ಟಿಯಾಗಬೇಕಾದ ವಯಸ್ಸು. ಈಗ ಕಳೆದುಕೊಂಡದ್ದು ಮುಂದೆ ಪೂರ್ತಿ ಮರಳುತ್ತದೆಂಬ ಭರವಸೆಯಿಲ್ಲ. ಥೈರಾಯ್ಡ್‌ನಂಥ ಬೇರೆ ಕಾರಣವೂ ಇರಬಹುದು. ಅದನ್ನು ಪರೀಕ್ಷೆಯೇ ಹೇಳಬೇಕು.

ಅಮ್ಮನದು ಹಳೆಯ ಕಾಲದ ಕಣ್ಣು ಎಂದು ದೂರಿದ್ದೀರಿ. ಹೊಸ ಕಾಲದ ಕಣ್ಣು ಹೇಗೆ ತಯಾರಾಗುತ್ತದೆ ಗೊತ್ತೇ? ಫಿಜಿಯಲ್ಲಿ ಮೈಕೈ ತುಂಬಿಕೊಂಡವಳೇ ಚೆಲುವೆ ಎನಿಸಿಕೊಳ್ಳುತ್ತಿದ್ದಳು. 1995ರಲ್ಲಿ ಅಲ್ಲಿನ ಒಂದು ಪ್ರಾಂತ್ಯಕ್ಕೆ ಟಿ.ವಿ. ಬಂತು. ಆ ಹೊತ್ತಿನಲ್ಲಿ ಸಂಶೋಧಕಿ ಆ್ಯನ್ ಬೆಕರ್ ಅಧ್ಯಯನ ಮಾಡಿದ ಶಾಲಾ ಹುಡುಗಿಯರಲ್ಲಿ ತೂಕ ಇಳಿಸಲೆಂದು ವಾಂತಿ ಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. 1998ರಲ್ಲಿ ಅಂಥವರು ನೂರಕ್ಕೆ 11 ಮಂದಿ. ಮೂರೇ ವರ್ಷದಲ್ಲಿ ಹೀಗೆ ತಲೆಕೆಳಗಾಗುವ ಅಳತೆಗೋಲಿಗೆ ನಿಮ್ಮ ಮೂಳೆಯನ್ನು ಒಪ್ಪಿಸುತ್ತೀರಾ?

ಅಮ್ಮನ ಮಾತು ಚುಚ್ಚಿರಬಹುದು, ಆದರೆ ಅವರು ಕಂಡದ್ದು ನಿಜ. ನನ್ನ ಸಿಟ್ಟೆಲ್ಲ ಅಕ್ಕನ ಮೇಲೆ. ಹುಟ್ಟುಹಬ್ಬಕ್ಕೆ ಬೇಕೆಂದೇ ಒಂದು ಅಳತೆ ಚಿಕ್ಕದಾದ ಉಡುಪು ತಂದುಕೊಟ್ಟು ‘ಇದು ಹಿಡಿಸುವ ಹಾಗೆ ಆಗು’ ಎನ್ನುವುದು ಪ್ರೀತಿಯಲ್ಲ, ಹಿಂಸೆ. ಇಳಿದ ಪ್ರತಿ ಕಿಲೋಗೂ ಆಕೆ ಶಹಬ್ಬಾಸ್ ಎಂದಿದ್ದಾಳೆ. ತಂಗಿ ಊಟ ಮಾಡಿದಳೇ ಎಂದು ಒಮ್ಮೆಯೂ ಕೇಳಿದಂತಿಲ್ಲ. ಎದುರಿಗಿರುವವರ ಮೈಯನ್ನು ಹೊಗಳುವುದೂ ಬೇಡ, ತೆಗಳುವುದೂ ಬೇಡ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅಂಥ ಹೊಗಳಿಕೆ ಮಾಡುವ ಹಾನಿ ನಿಮ್ಮ ಪತ್ರದಲ್ಲೇ ಇದೆ.

ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಿರಿ. ಮುಟ್ಟು ನಿಂತು ಎಷ್ಟು ದಿನವಾಯಿತು, ದಿನಕ್ಕೆ ಏನೇನು ತಿನ್ನುತ್ತೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಜೊತೆಗೆ ಅಮ್ಮನನ್ನು ಕರೆದುಕೊಂಡು ಹೋಗಿ, ಅಕ್ಕನನ್ನಲ್ಲ.