ತಾರಸಿಯ ಇಟಿ, ತೋಟದ ನೀರು

ಪ್ರಶ್ನೆ: ಮನೆಯ ತಾರಸಿಯ ಮೇಲೆ ಸಣ್ಣ ಹವಾಮಾನ ಕೇಂದ್ರ ಅಳವಡಿಸಿದ್ದೇನೆ. ಮೊಬೈಲಿನಲ್ಲಿ ‘ಇಟಿ 5 ಮಿ.ಮೀ.’ ಎಂದು ತೋರಿಸುತ್ತದೆ. ನಾಲ್ಕು ಚದರ ಮೀಟರಿನ ಟೊಮೆಟೊ ಮಡಿಗೆ ಅಷ್ಟೇ ನೀರು ಕೊಟ್ಟರೆ ಸಾಕೇ?

ಉತ್ತರ: ಇಟಿ (ಇವಾಪೊಟ್ರಾನ್ಸ್‌ಪಿರೇಷನ್) ಎಂದರೆ ಮಣ್ಣಿನಿಂದ ಆವಿಯಾಗುವ ಮತ್ತು ಗಿಡಗಳು ಎಲೆಗಳಿಂದ ಬಿಡುವ ನೀರಿನ ಮೊತ್ತ. ಆದರೆ ಆ ಅಂಕಿ ನಿಮ್ಮ ಟೊಮೆಟೊದ್ದಲ್ಲ, ಹುಲ್ಲಿನದು! ನೀರಿನ ಕೊರತೆಯಿಲ್ಲದೆ ನೆಲ ಮುಚ್ಚಿ ಬೆಳೆದ, 12 ಸೆಂ.ಮೀ. ಎತ್ತರದ ಹುಲ್ಲು ಒಂದು ದಿನದಲ್ಲಿ ಬಿಟ್ಟುಕೊಡಬಹುದಾದ ನೀರಿನ ಲೆಕ್ಕ. ಅದನ್ನು ಬೆಳೆ ಗುಣಾಂಕದಿಂದ, ಅಂದರೆ ಆ ಹುಲ್ಲಿಗೆ ಹೋಲಿಸಿದರೆ ನಿಮ್ಮ ಬೆಳೆಗೆ ಎಷ್ಟು ಪಟ್ಟು ನೀರು ಬೇಕು ಎಂಬ ಅಂಕಿಯಿಂದ, ಗುಣಿಸಬೇಕು. ಟೊಮೆಟೊಗೆ ಎಳೆಯ ಹಂತದಲ್ಲಿ ಸುಮಾರು 0.6, ಕಾಯಿ ಕಟ್ಟುವಾಗ 1.15. ಒಂದು ಚದರ ಮೀಟರಿಗೆ 1 ಮಿ.ಮೀ. ಎಂದರೆ 1 ಲೀಟರ್. ಹಾಗಾಗಿ ನಿಮ್ಮ ಮಡಿಗೆ ಎಳೆ ಗಿಡಗಳಿದ್ದಾಗ 12 ಲೀಟರ್, ಕಾಯಿ ತುಂಬಿದಾಗ 23 ಲೀಟರ್. ಹನಿ ನೀರಾವರಿಯಲ್ಲೂ ಒಂದಿಷ್ಟು ಪೋಲಾಗುತ್ತದೆ, ಸ್ವಲ್ಪ ಹೆಚ್ಚೇ ಕೊಡಿ.

ನನ್ನ ತಕರಾರು ಸೂತ್ರದ ಮೇಲಲ್ಲ, ತಾರಸಿಯ ಮೇಲೆ. ಇಟಿ ಲೆಕ್ಕ ಹಾಕುವ ಪೆನ್‌ಮನ್-ಮಾಂಟೀತ್ ಸೂತ್ರಕ್ಕೆ ತಾಪಮಾನ, ತೇವಾಂಶ, ಗಾಳಿ, ಬಿಸಿಲು ನಾಲ್ಕೂ ಬೇಕು. ಕಾದ ಕಾಂಕ್ರೀಟಿನ ಮೇಲಿರುವ ಮಾಪಕಕ್ಕೆ ಗಾಳಿ ತೋಟದಲ್ಲಿರುವುದಕ್ಕಿಂತ ಬಿಸಿಯಾಗಿ, ಒಣಗಿ ಕಾಣುತ್ತದೆ, ಇಟಿ ಏರುತ್ತದೆ. ಗಾಳಿಯ ವೇಗವೂ ಅಷ್ಟೇ. ಸೂತ್ರ ಕೇಳುವುದು ನೆಲದಿಂದ 2 ಮೀಟರ್ ಎತ್ತರದ ವೇಗ. ತೆರೆದ ಹುಲ್ಲುಬಯಲಿನಲ್ಲಿ 10 ಮೀಟರ್ ಎತ್ತರದಲ್ಲಿ ಅಳೆದದ್ದನ್ನು 0.75ರಿಂದ ಗುಣಿಸಿದರೆ ಅದು ಸಿಗುತ್ತದೆ. ಕಟ್ಟಡದ ಅಂಚಿಗೆ ಬಡಿದು ಸುಳಿಯುವ ಗಾಳಿಗೆ ಮಾತ್ರ ಆ ಗುಣಕ ಹೊಂದುವುದಿಲ್ಲ. ಸಾಧ್ಯವಿದ್ದರೆ ಕೇಂದ್ರವನ್ನು ಹುಲ್ಲಿರುವ ತೆರೆದ ನೆಲಕ್ಕೆ ಇಳಿಸಿ. ಬಿಸಿಲಿನ ಮಾಪಕದ ಮೇಲೆ ಮಾತ್ರ ದಿನದ ಯಾವ ಹೊತ್ತಿನಲ್ಲೂ ನೆರಳು ಬೀಳಬಾರದು. ಅದರ ಮೇಲಿನ ಧೂಳನ್ನು ಒರೆಸುತ್ತಿರಿ. ಬೇರೆಲ್ಲ ಕಸರತ್ತಿಗಿಂತ ಇದರಿಂದಲೇ ಹೆಚ್ಚು ಲಾಭ.

ಬಿಸಿಲಿನ ಮಾಪಕವೇ ಇಲ್ಲದಿದ್ದರೆ ಹಾರ್ಗ್ರೀವ್ಸ್ ಸೂತ್ರ ಸಾಕು. ಅದಕ್ಕೆ ದಿನದ ಗರಿಷ್ಠ, ಕನಿಷ್ಠ ತಾಪಮಾನ ಮತ್ತು ನೀವಿರುವ ಅಕ್ಷಾಂಶ ಗೊತ್ತಿದ್ದರಾಯಿತು. ಒಂದೊಂದು ದಿನದ ಫಲಿತಾಂಶಕ್ಕಿಂತ ವಾರದ ಮೊತ್ತವನ್ನು ನೋಡಿ, ಬಿದ್ದ ಮಳೆಯನ್ನು ಕಳೆಯಿರಿ. ಜೋರು ಮಳೆಯಲ್ಲಿ ಹರಿದುಹೋದದ್ದು ಬೇರಿಗೆ ದಕ್ಕಿದ ನೀರಲ್ಲ, ಅದನ್ನು ಕಳೆಯುವ ಲೆಕ್ಕಕ್ಕೆ ಸೇರಿಸಬೇಡಿ. ನೀರು ಬಿಡುವ ಮೊದಲು ಗೇಣುದ್ದ ಮಣ್ಣು ಬಗೆದು ಮುಷ್ಟಿಯಲ್ಲಿ ಹಿಸುಕಿ ನೋಡಿ. ಉಂಡೆ ಕಟ್ಟಿದರೆ, ಮೊಬೈಲ್ ಏನೇ ಹೇಳಲಿ, ಮರುದಿನದವರೆಗೆ ತಡೆಯಿರಿ.